ವಿಜಯಪುರದಲ್ಲಿ ತಂದೆಯವರಿಗೆ ಒಬ್ಬ ಫಿಜಿಶಿಯನ್ ಬೇಕಾಗಿದ್ದಾರೆ, ಹೇಗೆ ಆರಿಸಬೇಕು?

ಜಲನಗರ ನಿವಾಸಿ:

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಈಗ 68 ವರ್ಷ. ಸಿಂದಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ಅವರನ್ನು ಕಳೆದ ದೀಪಾವಳಿಯ ನಂತರ ವಿಜಯಪುರಕ್ಕೆ ಕರೆತಂದಿದ್ದೇವೆ. ಅವರಿಗೆ 12 ವರ್ಷಗಳಿಂದ ಸಕ್ಕರೆ ಕಾಯಿಲೆ, 6 ವರ್ಷಗಳಿಂದ ಬಿ.ಪಿ. ಇದೆ. ಊರ ಕಡೆಯ ಒಬ್ಬ ವೈದ್ಯರು ಬಿ.ಪಿ.ಗೆ ಒಂದು ಮಾತ್ರೆ ಬರೆದಿದ್ದರು. ಎರಡು ವರ್ಷಗಳ ಹಿಂದೆ ಎದೆನೋವೆಂದು ಸೊಲ್ಲಾಪುರಕ್ಕೆ ಹೋದಾಗ ಅಲ್ಲಿನ ಹೃದ್ರೋಗ ತಜ್ಞರು ಹೃದಯಕ್ಕೆ ತೊಂದರೆಯಿಲ್ಲವೆಂದು ಹೇಳಿ, ಬಿ.ಪಿ.ಗೆ ಮತ್ತೊಂದು ಮಾತ್ರೆ ಕೊಟ್ಟರು. ಮೊಣಕಾಲು ನೋವಿಗೆ ಎಲುಬಿನ ವೈದ್ಯರ ಚೀಟಿ ಬೇರೆ. ಮೂರು ತಿಂಗಳಿಂದ ಎರಡೂ ಪಾದಗಳಿಗೆ ಬಾವು ಬರತೊಡಗಿದ್ದರಿಂದ ಇನ್ನೊಂದು ದವಾಖಾನೆಗೆ ಹೋದೆವು. ಅಲ್ಲಿ ಮೂತ್ರ ಹೆಚ್ಚಾಗಿ ಹೋಗುವ ಮಾತ್ರೆಯನ್ನು ಸೇರಿಸಿದರು. ಈಗ ದಿನಕ್ಕೆ ಒಟ್ಟು 11 ಮಾತ್ರೆಗಳಾಗಿವೆ. ನಾಲ್ವರಲ್ಲಿ ಯಾರೂ ಉಳಿದ ಮೂವರ ಚೀಟಿಯನ್ನು ಪೂರ್ತಿ ನೋಡಿದಂತೆ ನನಗೆ ಕಾಣಲಿಲ್ಲ.

ಎಲ್ಲವನ್ನೂ ಒಟ್ಟಿಗೆ ನೋಡುವ ಒಬ್ಬ ಫಿಜಿಶಿಯನ್ ಬೇಕು ಎಂಬುದು ನನಗೆ ಮನವರಿಕೆಯಾಗಿದೆ. ಆದರೆ ಊರ ತುಂಬ ಇರುವ ಬೋರ್ಡುಗಳಲ್ಲಿ ಯಾರನ್ನು, ಯಾವ ಆಧಾರದ ಮೇಲೆ ಆರಿಸಬೇಕೆಂಬುದು ತಿಳಿಯುತ್ತಿಲ್ಲ. ವೈದ್ಯರ ಹೆಸರು ಹೇಳಿರೆಂದು ನಾನು ಕೇಳುತ್ತಿಲ್ಲ, ಪರೀಕ್ಷಿಸಿ ನೋಡುವ ಬಗೆಯನ್ನು ತಿಳಿಸಿಕೊಡಿರಿ.

ನಿವೃತ್ತ ಫಾರ್ಮಾಸಿಸ್ಟ್, ವಿಜಯಪುರ:

ಸಹೋದರರೇ, ನಾನು ಸರ್ಕಾರಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ 30 ವರ್ಷ ಕೆಲಸ ಮಾಡಿದವಳು. ವೈದ್ಯರ ಆಯ್ಕೆಗಿಂತ ಮೊದಲು ಆ ಬಾವಿನ ಬಗ್ಗೆ ಹೇಳಲೇಬೇಕು. ಇಬ್ಬರು ಬರೆದ ಬಿ.ಪಿ. ಮಾತ್ರೆಗಳ ಸ್ಟ್ರಿಪ್ ತಿರುಗಿಸಿ, ಕಂಪನಿಯವರು ದೊಡ್ಡದಾಗಿ ಅಚ್ಚು ಹಾಕಿದ ಹೆಸರನ್ನು ಬಿಟ್ಟು, ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಇಂದೇ ಓದಿರಿ. ಒಂದು ಸ್ಟ್ರಿಪ್‌ನಲ್ಲಿ ಅಮ್ಲೋಡಿಪಿನ್ ಮಾತ್ರ ಇದ್ದು, ಇನ್ನೊಂದರಲ್ಲಿ ಟೆಲ್ಮಿಸಾರ್ಟನ್ ಜೊತೆಗೆ ಅದೇ ಅಮ್ಲೋಡಿಪಿನ್ ಸೇರಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. 5 ಮಿಲಿಗ್ರಾಮ್‌ನ ಎರಡು ಸೇರಿದರೆ ದಿನಕ್ಕೆ 10 ಆಗುತ್ತದೆ, ಅದು ಆ ಔಷಧದ ಗರಿಷ್ಠ ಪ್ರಮಾಣ. ಪಾದಕ್ಕೆ ಬಾವು ಬರುವುದು ಅಮ್ಲೋಡಿಪಿನ್‌ನ ಹೆಸರಾಂತ ಅಡ್ಡಪರಿಣಾಮ. ಪ್ರಮಾಣ ಏರಿದಷ್ಟೂ ಅದು ಹೆಚ್ಚುತ್ತದೆ, ಮತ್ತು ಮೂತ್ರದ ಮಾತ್ರೆಗೆ ಅಷ್ಟಾಗಿ ಇಳಿಯುವುದೂ ಇಲ್ಲ. ಅದರ ಮೇಲೆ ಮೊಣಕಾಲಿಗೆ ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ನಡೆದಿದ್ದರೆ ಅದು ಸ್ವತಃ ಬಿ.ಪಿ.ಯನ್ನು ಏರಿಸುತ್ತದೆ. ನೋವಿನ ಗುಳಿಗೆ, ಟೆಲ್ಮಿಸಾರ್ಟನ್, ಮೂತ್ರದ ಮಾತ್ರೆ ಈ ಮೂರೂ ಒಂದೇ ಮೈಯಲ್ಲಿ ಕೂಡಿದಾಗ, ಅದರಲ್ಲೂ ನಮ್ಮ ಕಡೆಯ ಬೇಸಿಗೆಯಲ್ಲಿ ಬೆವರಿ ನೀರು ಕಡಿಮೆಯಾದಾಗ, ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಭಯವಿದೆ. ಹಾಗೆಂದು ನೀವಾಗಿಯೇ ಬಿ.ಪಿ. ಮಾತ್ರೆಯನ್ನು ನಿಲ್ಲಿಸಬೇಡಿರಿ. ಬಾವು ಹೃದಯ ಅಥವಾ ಮೂತ್ರಪಿಂಡದಿಂದಲೂ ಬರಬಹುದು, ಅದನ್ನು ವೈದ್ಯರೇ ತೀರ್ಮಾನಿಸಬೇಕು.

ನೀವು ಕೇಳಿದ ಪರೀಕ್ಷೆಗೂ ಇದರಲ್ಲೇ ಉತ್ತರವಿದೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು, ಪುಡಿ, ಕಷಾಯ, ಮುಲಾಮುಗಳನ್ನೂ ಬಿಡದೆ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಡಿರಿ. ಒಂದೊಂದನ್ನೂ ಎತ್ತಿ ನೋಡಿ, "ಇದನ್ನು ಯಾರು ಬರೆದರು, ಯಾತಕ್ಕೆ ಬರೆದರು" ಎಂದು ಕೇಳಿ, ಬೇಡವಾದದ್ದನ್ನು ಹೊಡೆದುಹಾಕುವವರು ನಿಮಗೆ ಬೇಕಾದ ವೈದ್ಯರು. ಚೀಲವನ್ನು ಪಕ್ಕಕ್ಕೆ ಸರಿಸಿ ಹನ್ನೆರಡನೆಯ ಮಾತ್ರೆ ಬರೆಯುವವರ ಬಳಿ ಎರಡನೆಯ ಸಲ ಹೋಗಬೇಡಿರಿ.

ನವನಗರ, ಬಾಗಲಕೋಟೆ:

ಮೇಲಿನ ಅಕ್ಕನವರ ಮಾತು ನೂರಕ್ಕೆ ನೂರು ಸರಿ. ನಾನು ಪದವಿಯ ವಿಷಯವನ್ನಷ್ಟೇ ಸೇರಿಸುತ್ತೇನೆ. ಬೋರ್ಡಿನ ಮೇಲೆ "ಎಂ.ಡಿ." ಎಂದಿದ್ದರೆ ಸಾಲದು, ಅದು ಯಾವ ವಿಷಯದ್ದೆಂದು ನೋಡಬೇಕು. ಎಂ.ಬಿ.ಬಿ.ಎಸ್. ನಂತರ 3 ವರ್ಷ ಓದಿ ಪಡೆಯುವ ಎಂ.ಡಿ. ಜನರಲ್ ಮೆಡಿಸಿನ್ ಅಥವಾ ಅದಕ್ಕೆ ಸಮನಾದ ಡಿ.ಎನ್.ಬಿ. ಇದ್ದರೆ ಅವರು ಫಿಜಿಶಿಯನ್. ಎಂ.ಡಿ. ಎಂಬುದು ರೋಗಶಾಸ್ತ್ರದಲ್ಲೂ (ಪೆಥಾಲಜಿ) ಇದೆ, ಆಯುರ್ವೇದದಲ್ಲೂ ಇದೆ. ರಷ್ಯಾದಂಥ ದೇಶಗಳಲ್ಲಿ ಎಂ.ಡಿ. ಎಂದು ಕೊಡುವ ಪದವಿ ನಮ್ಮ ಎಂ.ಬಿ.ಬಿ.ಎಸ್.ಗೆ ಸಮನಾದದ್ದು. ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ದವಾಖಾನೆಯಲ್ಲಿಯೂ ಚೀಟಿಯ ಮೇಲೆಯೂ ತೋರಿಸಬೇಕೆಂಬುದು 2002ರ ವೃತ್ತಿ ನಿಯಮಾವಳಿಯಲ್ಲೇ ಇದೆ. ಹೆಸರು ಅಥವಾ ಆ ಸಂಖ್ಯೆಯನ್ನು ಹಿಡಿದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಹುಡುಕಬಹುದು. ಶುಲ್ಕದ ಪಟ್ಟಿಯನ್ನು ಕಾಣುವಂತೆ ಹಾಕಬೇಕೆಂದು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆ ಹೇಳುತ್ತದೆ, ಕೇಳಲು ಸಂಕೋಚ ಬೇಡ.

ನಮ್ಮ ತಾಯಿಯವರನ್ನು ನಾವು ಇಲ್ಲಿನ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ತೋರಿಸುತ್ತೇವೆ. ನಿಮ್ಮಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಕಾಲೇಜಿನ ಆಸ್ಪತ್ರೆ ಇದೆ. ಕಾಲೇಜು ಆಸ್ಪತ್ರೆಗಳಲ್ಲಿ ಮೊದಲು ಪಿ.ಜಿ. ವಿದ್ಯಾರ್ಥಿಗಳು ಸಾವಧಾನವಾಗಿ ಪೂರ್ವ ಇತಿಹಾಸ ಬರೆದುಕೊಳ್ಳುತ್ತಾರೆ, ಆಮೇಲೆ ಹಿರಿಯರು ನೋಡುತ್ತಾರೆ. ಹಲವು ಕಾಯಿಲೆಗಳಿರುವ ಹಿರಿಯರಿಗೆ ಇದು ದೊಡ್ಡ ಅನುಕೂಲ.

ಟಿಳಕವಾಡಿ, ಬೆಳಗಾವಿ:

ಕಾಲೇಜು ಆಸ್ಪತ್ರೆಯ ವಿಷಯದಲ್ಲಿ ನನ್ನ ಅನುಭವ ಸ್ವಲ್ಪ ಬೇರೆ. ನಮ್ಮ ಮಾವನವರನ್ನು ಅಂಥ ಒಂದು ಕಡೆ ನಾಲ್ಕು ಸಲ ಕರೆದೊಯ್ದಾಗ ನಾಲ್ಕು ಸಲವೂ ಹೊಸ ಮುಖಗಳೇ ಇದ್ದವು, ಪ್ರತಿ ಸಲವೂ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು. ಮೆಡಿಸಿನ್ ವಿಭಾಗವನ್ನು ಘಟಕಗಳಾಗಿ ವಿಂಗಡಿಸಿ ಒಂದೊಂದು ಘಟಕಕ್ಕೆ ವಾರದ ಒಂದೊಂದು ದಿನ ಹೊರರೋಗಿಗಳನ್ನು ಹಂಚಿರುತ್ತಾರೆ ಎಂಬುದು ಆಮೇಲೆ ತಿಳಿಯಿತು. ಮೊದಲ ಸಲ ಮಂಗಳವಾರ ಹೋಗಿದ್ದರೆ ಮುಂದೆಯೂ ಮಂಗಳವಾರವೇ ಹೋಗಬೇಕು, ಆಗ ಅದೇ ಹಿರಿಯರು ಸಿಗುತ್ತಾರೆ. ಇದನ್ನು ಚೀಟಿ ಮಾಡಿಸುವ ಕಿಟಕಿಯಲ್ಲಿ ಯಾರೂ ಹೇಳುವುದಿಲ್ಲ.

ಹದಿನೈದು ದಿನಕ್ಕೊಮ್ಮೆ ಹೊರಗಿನಿಂದ ಬಂದು ನೋಡಿ ಹೋಗುವ ತಜ್ಞರ ಬಗ್ಗೆಯೂ ಯೋಚಿಸಿರಿ. ಅವರ ಜ್ಞಾನದ ಬಗ್ಗೆ ನನಗೆ ಗೌರವವಿದೆ. ಆದರೆ ನಡುರಾತ್ರಿ ಸಕ್ಕರೆ ಇಳಿದು ಮುದುಕರು ಬೆವರತೊಡಗಿದಾಗ ಫೋನು ಎತ್ತುವವರು ಊರಲ್ಲಿಯೇ ಇರಬೇಕು. ಮೊದಲ ಭೇಟಿಯಲ್ಲಿ ನಾನು ಗಮನಿಸುವುದು ಇಷ್ಟು: ಸಕ್ಕರೆ ರೋಗಿಯ ಚಪ್ಪಲಿ ಬಿಡಿಸಿ ಪಾದ ನೋಡಿದರೇ, ನಿಲ್ಲಿಸಿಯೂ ಬಿ.ಪಿ. ಅಳೆದರೇ, ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಜೊತೆಗೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆ ಬರೆದರೇ, ಕಣ್ಣಿನ ತಪಾಸಣೆ ಆಗಿದೆಯೇ ಎಂದು ಕೇಳಿದರೇ. ರೋಗಿಯನ್ನು ಬಿಟ್ಟು ಮಗನ ಜೊತೆಗಷ್ಟೇ ಮಾತಾಡುವವರನ್ನು ನಾನು ಒಪ್ಪಲಾರೆ. ನುಂಗಬೇಕಾದವರು ನಮ್ಮ ಹಿರಿಯರು, ಅವರಿಗೆ ಅವರ ಮಾತಿನಲ್ಲೇ ತಿಳಿಯಬೇಕು.

ಜಲನಗರ ನಿವಾಸಿ:

ಎಲ್ಲರಿಗೂ ಋಣಿಯಾಗಿದ್ದೇನೆ. ಅಕ್ಕಾವರೇ, ಅಂದು ರಾತ್ರಿಯೇ ಸ್ಟ್ರಿಪ್‌ಗಳನ್ನು ದೀಪದ ಕೆಳಗೆ ಹಿಡಿದು ಓದಿದೆ. ಅಮ್ಲೋಡಿಪಿನ್ ಎರಡರಲ್ಲೂ ಇತ್ತು. ನೋವಿನ ಗುಳಿಗೆ ಡೈಕ್ಲೋಫೆನಾಕ್ ಆಗಿತ್ತು, ಅದನ್ನು ತಂದೆಯವರು ದಿನಕ್ಕೆ ಎರಡು ಸಲ ನುಂಗುತ್ತಿದ್ದರು. ಮರುದಿನವೇ ಚೀಲ ಹಿಡಿದು, ಜನರಲ್ ಮೆಡಿಸಿನ್ ಪದವಿ ಮತ್ತು ನೋಂದಣಿಯನ್ನು ಖಚಿತಪಡಿಸಿಕೊಂಡು, ನಮ್ಮ ಮನೆಗೆ ಹತ್ತಿರದ ಒಬ್ಬ ಫಿಜಿಶಿಯನ್ ಬಳಿ ಹೋದೆವು. ಅವರು ಚೀಲವನ್ನು ತಾವೇ ಬಿಡಿಸಿದರು, ಪಾದವನ್ನು ಒತ್ತಿ ನೋಡಿದರು, "ಯಜಮಾನರೇ, ಹೊಲದಾಗ ಎಷ್ಟು ನಡೀತಿದ್ರಿ?" ಎಂದು ತಂದೆಯವರನ್ನೇ ಕೇಳಿದರು. ಅಮ್ಲೋಡಿಪಿನ್ ಮಾತ್ರವೇ ಇದ್ದ ಮಾತ್ರೆ ಮತ್ತು ಡೈಕ್ಲೋಫೆನಾಕ್ ಎರಡನ್ನೂ ನಿಲ್ಲಿಸಿದ್ದಾರೆ, ಮೂತ್ರದ ಮಾತ್ರೆಯನ್ನು ರಕ್ತಪರೀಕ್ಷೆಯ ವರದಿ ನೋಡಿ ತೀರ್ಮಾನಿಸುತ್ತಾರಂತೆ. ಮನೆಯಲ್ಲಿ ದಿನಕ್ಕೆ ಎರಡು ಸಲ ಬಿ.ಪಿ. ನೋಡಿ ವಹಿಯಲ್ಲಿ ಬರೆಯಲು ಹೇಳಿದ್ದಾರೆ, ತಂದೆಯವರು ಅದನ್ನು ತಾವೇ ಬರೆಯುತ್ತಿದ್ದಾರೆ. ಕ್ರಿಯಾಟಿನಿನ್ ವರದಿ ಸೋಮವಾರ ಬರಲಿದೆ, ಬಂದ ಮೇಲೆ ಇಲ್ಲಿ ತಿಳಿಸುತ್ತೇನೆ.