ಸೀಸನ್ ಮಧ್ಯದಲ್ಲೇ ನಮ್ ಕಾಲೇಜ್ ಫುಟ್‌ಬಾಲ್ ಕೋಚ್‌ನ ತೆಗೆದಾಕವ್ರೆ, ಮುಂದೆ ಯಾರನ್ನ ತರೋದು?

ಕೋಲಾರ_ಹಳೇ_ಡಿಫೆಂಡರ್:
ಎಲ್ರಿಗೂ ನಮಸ್ಕಾರ. ಕೋಲಾರದಲ್ಲಿ ನಾನು ಓದಿದ ಡಿಗ್ರಿ ಕಾಲೇಜು, ಹೆಸ್ರು ಬೇಡ, ಗೊತ್ತಿರೋರಿಗೆ ಗೊತ್ತಾಗುತ್ತೆ. ಹೋದ ವಾರ ಮ್ಯಾನೇಜ್‌ಮೆಂಟ್‌ನೋರು ಫುಟ್‌ಬಾಲ್ ಕೋಚ್‌ಗೆ ನಾಳೆಯಿಂದ ಬರ್ಬೇಡಿ ಅಂದ್ಬಿಟ್ರು, ಅದೂ ಫೋನಲ್ಲಿ. ಟೀಮ್ ಸೋಲ್ತಿದ್ದಿದ್ದು ನಿಜ, ಇಂಟರ್ ಕಾಲೇಜಿಯೇಟ್ ಅಂದ್ರೆ ಮೊದಲ್ನೇ ರೌಂಡಲ್ಲೇ ಗಂಟು ಮೂಟೆ ಕಟ್ಟೋದು ಅಭ್ಯಾಸ ಆಗೋಗಿತ್ತು. ಈಗ ಹಳೇ ಆಟಗಾರರ ವಾಟ್ಸಾಪ್ ಗ್ರೂಪಲ್ಲಿ ಎರಡು ಪಾರ್ಟಿ ಆಗೈತೆ. ಒಂದು ಪಾರ್ಟಿ ಬೆಂಗಳೂರಿಂದ ದೊಡ್ಡ ಕ್ಲಬ್ಬಲ್ಲಿ ಆಡಿದ ಹೆಸ್ರಿರೋ ಪ್ಲೇಯರ್‌ನ ತರೋಣ ದುಡ್ಡು ನಾವೇ ಹಾಕೋಣ ಅಂತ, ಇನ್ನೊಂದು ಪಾರ್ಟಿ ಲೋಕಲ್ ಯಾರಾದ್ರೂ ಸಾಕು ಅಂತ. ಯೂನಿವರ್ಸಿಟಿ ಟೂರ್ನಮೆಂಟ್ ಹತ್ರ ಬರ್ತೈತೆ, ಪಿಡಿ ಸರ್ (ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು) ನಮ್ಮನ್ನೇ ಹೆಸ್ರು ಕೊಡಿ ಅಂತವ್ರೆ. ಏನ್ ನೋಡಿ ಆಯ್ಕೆ ಮಾಡ್ಬೇಕು? ಅನುಭವ ಇರೋರು ಹೇಳಿ.

ಮಾರಿಕುಪ್ಪಂ_ಲೋಕಲ್:
ಅಣ್ಣ, ಕೆಜಿಎಫ್ 30 ಕಿಲೋಮೀಟರ್ ದೂರದಲ್ಲಿ ಇಟ್ಕೊಂಡು ಬೆಂಗಳೂರು ಕಡೆ ಯಾಕ್ ನೋಡ್ತೀರ? ಗಣಿ ಕಾಲದಿಂದ್ಲೂ ಇಲ್ಲಿ ಫುಟ್‌ಬಾಲ್ ಐತೆ, 2001ರಲ್ಲಿ ಗಣಿ ಮುಚ್ಚಿದ್ರೂ ಆಟ ನಿಂತಿಲ್ಲ, ಸಾಯಂಕಾಲ ಗಣಿ ಕಾರ್ಮಿಕರ ಮನೆಗಳಿರೋ ಯಾವ್ ಲೈನಿಗೆ ಹೋದ್ರೂ ಹುಡುಗ್ರು ಬರಿಗಾಲಲ್ಲಿ ಆಡ್ತಿರ್ತಾರೆ. ಆದ್ರೆ ಒಂದು ತಿಳ್ಕೊಳ್ಳಿ, ಇಲ್ಲಿ ಆಟ ಗೊತ್ತಿರೋ ಎಷ್ಟೋ ಜನ ಬೆಳಿಗ್ಗೆ ಟ್ರೈನ್ ಹಿಡ್ದು ಬೆಂಗಳೂರಿಗೆ ಕೆಲಸಕ್ಕೆ ಹೋದ್ರೆ ವಾಪಸ್ ಬರೋದು ರಾತ್ರಿ, ಅವ್ರು ಭಾನುವಾರ ಬಿಟ್ರೆ ಸಿಗಲ್ಲ. ರಿಟೈರ್ ಆಗಿರೋರು ಇಲ್ಲಾ ಇಲ್ಲೇ ಸ್ಕೂಲಲ್ಲಿ ಪಿಟಿ ಮೇಷ್ಟ್ರಾಗಿರೋರನ್ನ ಹುಡ್ಕಿ. ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಕೊಡೋ ಕೋಚಿಂಗ್ ಡಿ ಲೈಸೆನ್ಸ್ ಆದ್ರೂ ಇರ್ಲಿ, ಅದು ಲೈಸೆನ್ಸಲ್ಲಿ ಮೊದಲ್ನೇ ಮೆಟ್ಟಿಲು, ಆಮೇಲೆ ಸಿ, ಬಿ, ಎ ಅಂತ ಹೋಗುತ್ತೆ. ನಿಮ್ಗೆ ಎ ಲೈಸೆನ್ಸ್ ಬೇಕಾಗಿಲ್ಲ, ಸಿಕ್ಕಿದ್ರೂ ನೀವು ಕೊಡೋ ಗೌರವಧನಕ್ಕೆ ಬರಲ್ಲ ಬುಡಿ.

ಹಾಫ್‌ಟೈಮ್_ನಿಂಬೆಹಣ್ಣು:
ಮೊದ್ಲು ಯಾಕೆ ಸೋತ್ರಿ ಅನ್ನೋದು ಹೇಳಿ ಗುರು. ನಾನು ಒಂದೆರಡು ಮ್ಯಾಚ್ ನೋಡಿದೀನಿ, ಹಾಫ್‌ಟೈಮ್‌ವರೆಗೂ ಚೆನ್ನಾಗೇ ಆಡ್ತಾರೆ, ಆಮೇಲೆ ಕೊನೇ 20 ನಿಮಿಷ ಬಂತು ಅಂದ್ರೆ ಇಬ್ರೂ ಸೈಡ್ ಬ್ಯಾಕು ಮಂಡಿ ಮೇಲೆ ಕೈ ಇಟ್ಕೊಂಡು ನಿಂತ್ಬಿಡ್ತಾರೆ, ಗೋಲ್ ಎಲ್ಲಾ ಆವಾಗ್ಲೇ ಬೀಳೋದು. ಮುಳಬಾಗಿಲು, ಶ್ರೀನಿವಾಸಪುರ ಕಡೆಯಿಂದ ಮೊದಲ್ನೇ ಬಸ್ಸಿಗೆ ಬರೋ ಹುಡುಗ್ರು, ಟೀ ಬನ್ ತಿಂದು ಪ್ರಾಕ್ಟೀಸ್ ಮಾಡಿ ಹಂಗೇ ಕ್ಲಾಸಿಗೆ ಹೋಗ್ತಾರೆ, ಸಾಯಂಕಾಲ ಇರಿ ಅಂದ್ರೆ ಊರಿಗೆ ಬಸ್ ತಪ್ಪುತ್ತೆ. ಇದಕ್ಕೆ ಕೋಚ್ ತೆಗೆದ್ರೆ ನೆಗಡಿ ಬಂತು ಅಂತ ಮೂಗು ಕುಯ್ಕೊಂಡಂಗೆ. ಮೊಟ್ಟೆ ಬಾಳೆಹಣ್ಣಿಗೆ ದುಡ್ಡು ಹಾಕಿ, ಅಟೆಂಡೆನ್ಸ್ ವಿಷ್ಯ ಪ್ರಿನ್ಸಿಪಾಲ್ ಹತ್ರ ಬರ್ಸ್ಕೊಳ್ಳಿ, ಇಲ್ದಿದ್ರೆ ಯಾರ್ ಬಂದ್ರೂ ಮುಂದಿನ ವರ್ಷ ಇದೇ ಪ್ರಶ್ನೆ ಕೇಳ್ತೀರ.

ಸ್ನೋ_ನೋಡಿದ_ಚಿಂತಾಮಣಿಯವ:
ನಾನೀಗ ಅಮೆರಿಕದಲ್ಲಿರೋದು, ಇಲ್ಲಿ ಕಾಲೇಜ್ ಫುಟ್‌ಬಾಲ್ ಅಂದ್ರೆ ಬೇರೇನೇ, ಬಾಲ್ ಕೈಯಲ್ಲಿ ಹಿಡ್ಕೊಂಡು ಓಡೋದು, ಅದು ಬಿಡಿ. ಕೋಚ್ ತೆಗೆಯೋದ್ರಲ್ಲಿ ಮಾತ್ರ ಇವ್ರನ್ನ ಮೀರ್ಸೋರಿಲ್ಲ. ಟೆಕ್ಸಸ್ ಎ ಅಂಡ್ ಎಂ ಅನ್ನೋ ಯೂನಿವರ್ಸಿಟಿ 2023ರ ನವೆಂಬರಲ್ಲಿ ಜಿಂಬೋ ಫಿಶರ್ ಅನ್ನೋ ಕೋಚ್‌ನ ಮನೆಗೆ ಕಳ್ಸಿದಾಗ ಕಾಂಟ್ರ್ಯಾಕ್ಟ್ ಬಾಕಿ ಅಂತ ಒಪ್ಕೊಂಡಿದ್ದು 7.5 ಕೋಟಿ ಡಾಲರ್‌ಗೂ ಮೇಲೆ! ಅದೇ ತಿಂಗಳ ಕೊನೇಲಿ ಇಂಡಿಯಾನಾ ಯೂನಿವರ್ಸಿಟಿಯೋರು, ಆ ವರ್ಷ 12 ಮ್ಯಾಚಲ್ಲಿ 9 ಸೋತಿದ್ದೋರು, ಕೋಚ್‌ನ ತೆಗೆದು ಕರ್ಟ್ ಸಿಗ್ನೆಟ್ಟಿ ಅನ್ನೋ ಕೋಚ್‌ನ ತಂದ್ರು. 60 ದಾಟಿದ್ದ ಮನುಷ್ಯ, ಅಲ್ಲೀವರೆಗೂ ದೊಡ್ಡ ಕಾಲೇಜಿಗೆ ಹೆಡ್ ಕೋಚ್ ಆಗಿರ್ಲಿಲ್ಲ, ಆದ್ರೆ ಸಣ್ಣ ಸಣ್ಣ ಕಾಲೇಜುಗಳಲ್ಲಿ ಗೆದ್ಕೊಂಡೇ ಬಂದಿದ್ದ. ಮುಂದಿನ ವರ್ಷ 11 ಗೆಲುವು, 2 ಸೋಲು, ಅದರ ಮುಂದಿನ ಸೀಸನ್ ಒಂದೂ ಸೋಲ್ದೆ ನ್ಯಾಷನಲ್ ಚಾಂಪಿಯನ್. ಹೆಸ್ರಿಗಿಂತ, ಈ ಹಿಂದೆ ಕೈಗೆ ಸಿಕ್ಕಿದ ಟೀಮ್‌ನ ಏನ್ ಮಾಡಿದಾನೆ ಅನ್ನೋದು ನೋಡಿ.

ಹಾಫ್‌ಟೈಮ್_ನಿಂಬೆಹಣ್ಣು:
ಸಾರ್, ಒಪ್ತೀನಿ, ಆದ್ರೆ ಪೂರ್ತಿ ಕಥೆ ಹೇಳಿ. ಅವ್ನು ಬರೋವಾಗ ಹಳೇ ಕಾಲೇಜಿಂದ ಹತ್ತಾರು ಆಟಗಾರ್ರನ್ನೂ ಜೊತೆ ಕೋಚ್‌ಗಳನ್ನೂ ಕರ್ಕೊಂಡು ಬಂದ, ಅಲ್ಲಿ ಟ್ರಾನ್ಸ್‌ಫರ್ ಸಲೀಸು. ಇಲ್ಲಿ ನಮ್ ಹುಡುಗ್ರು ಟಿಸಿ ಇಸ್ಕೊಂಡು ಕಾಲೇಜ್ ಬದ್ಲಾಯ್ಸೋಕೆ ವರ್ಷ ಹಾಳು. ಇರೋ ಹುಡುಗ್ರಲ್ಲೇ ತೆಗಿಬೇಕು.

ಸ್ನೋ_ನೋಡಿದ_ಚಿಂತಾಮಣಿಯವ:
ಅದು ಸರಿ, ಆ ಪಾಯಿಂಟ್ ನಿಮ್ದು.

ಗೋಲ್‌ಕೀಪರ್_ಅಕ್ಕ:
ನಾನು ಹುಡ್ಗೀರ ಟೀಮಲ್ಲಿ ಆಡಿದೋಳು, ಈಗ ಮಕ್ಕಳಿಗೆ ಹೇಳ್ಕೊಡ್ತೀನಿ. ದೊಡ್ಡ ಆಟಗಾರ ಒಳ್ಳೇ ಕೋಚ್ ಆಗ್ತಾನೆ ಅನ್ನೋ ಗ್ಯಾರಂಟಿ ಏನಿಲ್ಲ. 2023ರಲ್ಲಿ ಕರ್ನಾಟಕ 54 ವರ್ಷ ಆದ್ಮೇಲೆ ಸಂತೋಷ್ ಟ್ರೋಫಿ (ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಮೆಂಟ್) ಗೆದ್ದಾಗ ಕೋಚ್ ರವಿ ಬಾಬು ರಾಜು, ಆವತ್ತಿಗೆ ಮುಂಚೆ ಎಷ್ಟು ಜನಕ್ಕೆ ಅವ್ರ ಹೆಸ್ರು ಗೊತ್ತಿತ್ತು ಹೇಳಿ? ಇಂಟರ್‌ವ್ಯೂ ಅಂತ ಆಫೀಸಲ್ಲಿ ಕೂರ್ಸ್ಕೊಂಡು ಬಯೋಡೇಟಾ ನೋಡ್ಬೇಡಿ. ಬಂದೋರಿಗೆಲ್ಲಾ ಒಂದೊಂದು ಬೆಳಿಗ್ಗೆ ಗ್ರೌಂಡ್ ಬಿಟ್ಕೊಡಿ, ಒಂದೂವರೆ ಗಂಟೆ ಪ್ರಾಕ್ಟೀಸ್ ಮಾಡಿಸ್ಲಿ, ನೀವು ಪಕ್ಕದಲ್ಲಿ ನಿಂತು ನೋಡಿ. ಹುಡುಗ್ರು ಉದ್ದಕ್ಕೆ ಲೈನ್ ನಿಂತು ತಮ್ಮ ಸರದಿ ಕಾಯ್ತಿದ್ರೆ, ಒಬ್ಬೊಬ್ಬನಿಗೆ ಬಾಲ್ ಸಿಗೋದು ಐದು ನಿಮಿಷಕ್ಕೊಂದ್ಸಲ ಆದ್ರೆ, ಆ ಮನುಷ್ಯ ಬೇಡ. ಸಣ್ಣ ಸಣ್ಣ ಗುಂಪು ಮಾಡಿ ನಾಲ್ಕಕ್ಕೆ ನಾಲ್ಕು ಆಡಿಸ್ತಾ, ತಪ್ಪಾದ ಕಡೆ ನಿಲ್ಸಿ, ಕಿರುಚ್ದೆ, ಎಲ್ಲಿ ನಿಂತ್ಕೋಬೇಕಿತ್ತು ಅಂತ ತೋರಿಸ್ತಿದ್ರೆ ಅವ್ರೇ ಸರಿ. ಗೋಲ್‌ಕೀಪರ್‌ನ ಒಂದು ಮೂಲೇಲಿ ಸುಮ್ನೆ ಬಿಟ್ಟವ್ರಾ ಅಂತಾನೂ ನೋಡಿ, ಬಹಳ ಜನ ಬಿಡ್ತಾರೆ, ನಂಗೆ ಅದೇ ಆಗಿದ್ದು. ಇನ್ನೊಂದು, ಟೀಮ್ ಸೆಲೆಕ್ಷನ್ ಕೋಚ್ ಕೈಲಿರ್ಬೇಕು, ಟ್ರಸ್ಟಿಗಳು ಫೋನ್ ಮಾಡಿ ನಮ್ ಹುಡುಗನ್ನ ಆಡ್ಸಿ ಅನ್ನಂಗಿಲ್ಲ, ಇದನ್ನ ಬರವಣಿಗೇಲೇ ತಗೊಳ್ಳಿ.

ಕೋಲಾರ_ಹಳೇ_ಡಿಫೆಂಡರ್:
ಅಕ್ಕ, ಟ್ರಸ್ಟಿ ಫೋನಿನ ವಿಷ್ಯ ನಿಮಗೆ ಯಾರ್ ಹೇಳಿದ್ರೋ ಗೊತ್ತಿಲ್ಲ ಆದ್ರೆ ಸರಿಯಾಗೇ ಹೇಳಿದೀರ 😄 ಗ್ರೂಪಲ್ಲಿ ಎಲ್ಲಾ ಹಾಕ್ದೆ. ಸದ್ಯಕ್ಕೆ ಟೂರ್ನಮೆಂಟ್ ಮುಗಿಯೋವರೆಗೂ ಪಿಡಿ ಸರ್ ನೋಡ್ಕೋತಾರೆ, ಫೈನಲ್ ಇಯರ್ ಸ್ಟಾಪರ್ ಬ್ಯಾಕ್ ಹುಡುಗ ಪ್ರಾಕ್ಟೀಸ್ ನಡೆಸ್ತಾನೆ, ಅವ್ಸರಕ್ಕೆ ಯಾರನ್ನೋ ತಂದು ಕೂರ್ಸೋದು ಬೇಡ ಅಂತ ತೀರ್ಮಾನ. ಬೆಂಗಳೂರು ಸ್ಟಾರ್‌ಗೆ ಅಂತ ಎತ್ತಿದ್ದ ದುಡ್ಡಲ್ಲಿ ಅರ್ಧ ತಿಂಡಿಗೆ, ಅದಕ್ಕೂ ಇಬ್ರು ಬೇಜಾರ್ ಮಾಡ್ಕೊಂಡ್ರು, ಮಾಡ್ಕೊಳ್ಳಿ. ಮಾರಿಕುಪ್ಪಂ ಬ್ರೋ, ಬೆಳಿಗ್ಗೆ ಆರಕ್ಕೆ ಕೋಲಾರಕ್ಕೆ ಬರೋಕಾಗೋ ಪಿಟಿ ಮೇಷ್ಟ್ರು ಯಾರಾದ್ರೂ ಇದ್ರೆ ಇನ್‌ಬಾಕ್ಸ್ ಮಾಡಿ.

ಮಾರಿಕುಪ್ಪಂ_ಲೋಕಲ್:
ಒಬ್ರು ಅವ್ರೆ. ಕನ್ನಡ, ತಮಿಳು, ತೆಲುಗು ಮೂರ್ರಲ್ಲೂ ಬಯ್ತಾರೆ, ಪರ್ವಾಗಿಲ್ವಾ? ನಂಬರ್ ಕಳ್ಸಿದೀನಿ ನೋಡಿ.