ಹಂಚು, ಹಂಚಿಕೊಳ್ಳು, ಹಂಚಿಕೆಗಿಡು: ಫೈಲ್ ಶೇರಿಂಗ್‌ಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿರುವ ಡಿಪ್ಲೊಮಾ ಹುಡುಗ ಹುಡುಗಿಯರಿಗಾಗಿ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಒಂದು ಪಾಠ ಟೈನಿಪಿಟುಪಿ ಅನ್ನುವ ಪುಟ್ಟ ಪ್ರೋಗ್ರಾಮಿನ ಮೇಲೆ. ಅದರಲ್ಲಿ ‘ಶೇರ್’ ಅನ್ನುವ ಪದ ಬಂದಲ್ಲೆಲ್ಲ ಬರವಣಿಗೆ ನಿಲ್ಲುತ್ತಿದೆ. ‘ಹಂಚಿಕೆ’ ಅಂತ ಬರೆದು ಮುಂದೆ ಹೋಗಬಹುದಿತ್ತು. ಆದರೆ ಇಲ್ಲಿ ಪದ ಸ್ವಲ್ಪ ಆಚೀಚೆ ಆದರೂ ಪಾಠದ ಅರ್ಥವೇ ಕೆಡುತ್ತದೆ. ಯಾಕೆ ಅಂತ ವಿವರವಾಗಿ ಬರೆಯುತ್ತೇನೆ. ದಯವಿಟ್ಟು ಪೂರ್ತಿ ಓದಿ ನಿಮ್ಮ ಅಭಿಪ್ರಾಯ ಹೇಳಿ.

ಮೊದಲು ಪ್ರೋಗ್ರಾಮಿನ ವಿಷಯ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಡ್ವರ್ಡ್ ಫೆಲ್ಟನ್ ಇದನ್ನು 2004ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದರು. ಪೈಥಾನಿನಲ್ಲಿ ಬರೀ 15 ಸಾಲು. ಅಷ್ಟರಲ್ಲೇ ಒಂದು ಗೆಳೆಯರ ಗುಂಪು ತಮ್ಮ ಕಂಪ್ಯೂಟರುಗಳ ಫೈಲುಗಳನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳಬಹುದು. ಪಾಸ್‌ವರ್ಡ್ ಗೊತ್ತಿದ್ದವರಿಗೆ ಮಾತ್ರ ಪ್ರವೇಶ. ಆಗ ಸಿನಿಮಾ ಮತ್ತು ಸಂಗೀತ ಕಂಪನಿಗಳು ಗ್ರಾಕ್‌ಸ್ಟರ್ ಅನ್ನುವ ಫೈಲ್ ಶೇರಿಂಗ್ ಕಂಪನಿಯ ವಿರುದ್ಧ ಹೂಡಿದ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದಿತ್ತು. ಇಂಥ ಸಾಫ್ಟ್‌ವೇರನ್ನೇ ನಿಷೇಧಿಸಿಬಿಡಬೇಕು ಅನ್ನುವ ಮಾತು ಜೋರಾಗಿತ್ತು. 15 ಸಾಲಿನಲ್ಲಿ ಬರೆಯಬಹುದಾದ್ದನ್ನು ನಿಷೇಧಿಸಿ, ಆ ನಿಷೇಧವನ್ನು ಉಳಿಸಿಕೊಳ್ಳುವುದು ಹೇಗೆ ಅನ್ನುವುದು ಫೆಲ್ಟನ್ ತೋರಿಸಬೇಕೆಂದಿದ್ದ ಮಾತು. ಅದಕ್ಕೆ ಉತ್ತರವಾಗಿ ಇನ್ನೊಬ್ಬ ಪ್ರೋಗ್ರಾಮರ್ ಪರ್ಲ್ ಭಾಷೆಯಲ್ಲಿ ಆರೇ ಸಾಲಿನದನ್ನು ಬರೆದರು.

ಪರ್ಲ್‌ನಲ್ಲಿ ಸಾಲು ಒತ್ತುವುದು ಸುಲಭ. ಅಲ್ಲಿ ಆವರಣ ಚಿಹ್ನೆ, ಅರ್ಧವಿರಾಮ ಹಾಕಿ ಎಲ್ಲವನ್ನೂ ಒಂದೇ ಸಾಲಿಗೆ ತುರುಕಬಹುದು. ಪೈಥಾನಿನಲ್ಲಿ ಸಾಲಿನ ಮೊದಲಿಗೆ ಬಿಡುವ ಜಾಗವೇ ವ್ಯಾಕರಣ. ಯಾವುದರ ಒಳಗೆ ಯಾವುದು ಅನ್ನುವುದು ಆ ಜಾಗದಿಂದ ತಿಳಿಯುತ್ತದೆ. (ಇದಕ್ಕೆ ‘ಇಂಡೆಂಟ್’ ಅಂತ ಹಾಗೇ ಬರೆಯೋಣ ಅಂದರೆ, ನಮ್ಮಲ್ಲಿ ಆಸ್ಪತ್ರೆ, ಕಚೇರಿಗಳಲ್ಲಿ ಸಾಮಾನು ಬೇಕೆಂದು ಬರೆಯುವ ಚೀಟಿಗೂ ಇಂಡೆಂಟ್ ಅಂತಲೇ ಹೇಳುತ್ತಾರೆ. ನಾನು ‘ಅಂಚು ಬಿಡುವುದು’ ಅಂತ ಬರೆದಿದ್ದೇನೆ. ಇದರ ಬಗ್ಗೆ ನನಗೆ ಅಷ್ಟೇನೂ ಚಿಂತೆ ಇಲ್ಲ.)

ಈಗ ಆ 15 ಸಾಲುಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಪ್ರೋಗ್ರಾಮಿನ ಜೀವ ಇರುವುದು ಅಲ್ಲೇ. ಇನ್ನೊಂದು ಕಂಪ್ಯೂಟರಿನಿಂದ ಕೇಳಿಕೆ ಬಂದಾಗ ಏನು ಮಾಡಬೇಕು ಅಂತ ಹೇಳುವ ಸಾಲು ಅದು. ಒಂದು ಲ್ಯಾಂಬ್ಡಾ, ಅಂದರೆ ಹೆಸರಿಡದೆ ಬರೆಯುವ ಪುಟ್ಟ ಫಂಕ್ಷನ್. ಲ್ಯಾಂಬ್ಡಾದ ಒಳಗೆ ಪೈಥಾನಿನ ‘ಇಫ್’ ವಾಕ್ಯ ಬರೆಯುವ ಹಾಗಿಲ್ಲ. ಒಂದೇ ಸಾಲಿನಲ್ಲಿ ‘ಇಫ್–ಎಲ್ಸ್’ ಹೇಳುವ ಸೌಲಭ್ಯ ಬಂದದ್ದು 2006ರಲ್ಲಿ, ಪೈಥಾನ್ 2.5ರ ಜೊತೆ. ಹಾಗಾಗಿ ಆ ಕಾಲದ ಪ್ರೋಗ್ರಾಮರುಗಳು ‘ಆ್ಯಂಡ್’, ‘ಆರ್’ ಎರಡನ್ನೇ ಬಳಸಿ ಷರತ್ತು ಹೇಳುತ್ತಿದ್ದರು. ಇಲ್ಲಿಯೂ ಹಾಗೇ ಇದೆ.

ಪಾಠ ಬರೆಯುವವರು ಸಾಮಾನ್ಯವಾಗಿ ‘ಆ್ಯಂಡ್’ಗೆ ‘ಮತ್ತು’, ‘ಆರ್’ಗೆ ‘ಅಥವಾ’ ಅಂತ ಬರೆಯುತ್ತಾರೆ. ಇಲ್ಲಿ ಹಾಗೆ ಬರೆದರೆ ಒಂದು ಅಕ್ಷರವೂ ಅರ್ಥವಾಗುವುದಿಲ್ಲ. ಕನ್ನಡದ ‘-ಅರೆ’ ಪ್ರತ್ಯಯ ಹಾಕಿ ಓದಿದರೆ ತಾನೇ ಬಿಡಿಸಿಕೊಳ್ಳುತ್ತದೆ: “ಪಾಸ್‌ವರ್ಡ್ ಸರಿಯಿದ್ದರೆ, ಕೇಳಿಕೆಯ ಸಂಖ್ಯೆ ಸೊನ್ನೆಯಾದರೆ ಗೆಳೆಯರ ಪಟ್ಟಿ, ಒಂದಾದರೆ ಫೈಲುಗಳ ಪಟ್ಟಿ, ಎರಡೂ ಅಲ್ಲದಿದ್ದರೆ ಫೈಲೇ.” ಅಷ್ಟೇ. ಈ ಒಂದು ಸಾಲಿನಲ್ಲಿ ಮೂರು ಕೆಲಸ ಇದೆ. ಯಾರ್‍ಯಾರು ಇದ್ದಾರೆ ಅಂತ ಹೇಳುವುದು. ನನ್ನ ಹತ್ತಿರ ಏನೇನಿದೆ ಅಂತ ತೋರಿಸುವುದು. ಕೇಳಿದ್ದನ್ನು ಎತ್ತಿಕೊಡುವುದು.

ಒಂದು ಸೂಕ್ಷ್ಮ ಇದೆ, ಅದನ್ನು ಹೇಳದೆ ಇರಲಾರೆ. ಪೈಥಾನಿನಲ್ಲಿ ಖಾಲಿ ಪಟ್ಟಿ ಅಂದರೆ ‘ಸುಳ್ಳು’ ಅಂತ ಲೆಕ್ಕ. ಗೆಳೆಯ ಕೇಳಿದ ಹೆಸರಿನ ಫೈಲು ಒಂದೂ ಇಲ್ಲದಿದ್ದರೆ ಫೈಲುಗಳ ಪಟ್ಟಿ ಖಾಲಿ ಬರುತ್ತದೆ. ಆಗ ‘ಆರ್’ ಅದನ್ನು ಸುಳ್ಳು ಅಂತ ಬಗೆದು ಮುಂದಿನದಕ್ಕೆ, ಅಂದರೆ ಫೈಲನ್ನೇ ತೆಗೆದುಕೊಡುವ ಕೆಲಸಕ್ಕೆ ಜಾರುತ್ತದೆ. ಅದಕ್ಕೇ ಪಟ್ಟಿಯ ಸುತ್ತ ಇನ್ನೊಂದು ಚೌಕ ಆವರಣ ಇದೆ. ಖಾಲಿ ಪಟ್ಟಿಯನ್ನು ಒಳಗಿಟ್ಟುಕೊಂಡ ಪಟ್ಟಿ ಖಾಲಿಯಲ್ಲ. ಆ ಒಂದು ಜೋಡಿ ಆವರಣ ಇರುವುದರಿಂದ ‘ತೋರಿಸು’ ಅಂದದ್ದು ‘ಕೊಡು’ ಆಗುವುದಿಲ್ಲ. ತೋರಿಸುವುದು ಬೇರೆ, ಕೊಡುವುದು ಬೇರೆ ಅಂತ ಪ್ರೋಗ್ರಾಮಿಗೆ ಚೆನ್ನಾಗಿ ಗೊತ್ತು. ಈ ಎರಡಕ್ಕೂ ನಾವು ‘ಹಂಚಿಕೆ’ ಅಂತ ಒಂದೇ ಪದ ಬರೆದರೆ ಹೇಗೆ?

ಇದು ಬರೀ ಪ್ರೋಗ್ರಾಮರುಗಳ ತಲೆನೋವಲ್ಲ. ಕೋರ್ಟುಗಳು ಇದೇ ಪ್ರಶ್ನೆಯಲ್ಲಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿವೆ. 2007ರ ಅಕ್ಟೋಬರಿನಲ್ಲಿ ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಒಬ್ಬ ಮಹಿಳೆ ಸಂಗೀತ ಕಂಪನಿಗಳಿಗೆ 2,22,000 ಡಾಲರ್ ಪರಿಹಾರ ಕೊಡಬೇಕು ಅಂತ ಜ್ಯೂರಿ (ಮೊಕದ್ದಮೆ ಕೇಳಿ ತೀರ್ಮಾನ ಹೇಳುವ ಸಾಮಾನ್ಯ ನಾಗರಿಕರ ತಂಡ) ಹೇಳಿತು. ಕಜಾ ಅನ್ನುವ ಸಾಫ್ಟ್‌ವೇರಿನ ಶೇರ್ಡ್ ಫೋಲ್ಡರಿನಲ್ಲಿ 24 ಹಾಡು ಇಟ್ಟಿದ್ದರು ಅನ್ನುವುದು ಆರೋಪ. ಹಾಡಿಗೆ 9,250 ಡಾಲರ್. ಅಮೆರಿಕದ ಕಾಯ್ದೆ ಪ್ರತಿಗಳನ್ನು ‘ಡಿಸ್ಟ್ರಿಬ್ಯೂಟ್’ ಮಾಡುವ ಹಕ್ಕನ್ನು ಕೃತಿಯ ಒಡೆಯರಿಗೆ ಕೊಟ್ಟಿದೆ. ಇನ್ನೊಬ್ಬರಿಗೆ ಸಿಗುವ ಹಾಗೆ ಫೋಲ್ಡರಿನಲ್ಲಿ ಇಟ್ಟರೆ ಸಾಕು, ಅದೇ ಡಿಸ್ಟ್ರಿಬ್ಯೂಟ್ ಮಾಡಿದಂತೆ ಅಂತ ನ್ಯಾಯಾಧೀಶರು ಜ್ಯೂರಿಗೆ ತಿಳಿಸಿದ್ದರು. ಮರುವರ್ಷ ಅದೇ ನ್ಯಾಯಾಧೀಶರು ತಾವು ಕೊಟ್ಟ ಆ ಸೂಚನೆ ಸರಿಯಲ್ಲ, ಪ್ರತಿ ನಿಜವಾಗಿ ಇನ್ನೊಬ್ಬರಿಗೆ ಹೋಗಿರಬೇಕು ಅಂತ ಹೇಳಿ ಮರುವಿಚಾರಣೆಗೆ ಆದೇಶ ಮಾಡಿದರು. 2009ರ ಎರಡನೇ ವಿಚಾರಣೆಯಲ್ಲಿ ಪರಿಹಾರ 19,20,000 ಡಾಲರಿಗೆ ಏರಿತು. ನ್ಯಾಯಾಧೀಶರು ಅದನ್ನು ಇಳಿಸಿದರು. 2010ರಲ್ಲಿ ಇನ್ನೊಂದು ಜ್ಯೂರಿ 15 ಲಕ್ಷ ಡಾಲರ್ ಅಂದಿತು. ಅದನ್ನೂ ಇಳಿಸಿದರು. ಕೊನೆಗೆ 2012ರಲ್ಲಿ ಮೇಲ್ಮನವಿ ಕೋರ್ಟು ಮೊದಲಿನ 2,22,000ಕ್ಕೇ ತಂದು ನಿಲ್ಲಿಸಿತು. ಇಟ್ಟರೆ ಸಾಕೋ, ಹೋಗಿರಲೇಬೇಕೋ ಅನ್ನುವ ಪ್ರಶ್ನೆಯನ್ನು ಮಾತ್ರ ಆ ಕೋರ್ಟು ಬಗೆಹರಿಸಲಿಲ್ಲ.

ಈ ಕಥೆಯನ್ನು ‘ಹಂಚಿಕೆ’ ಒಂದರಲ್ಲೇ ಬರೆದು ನೋಡಿ. “ಹಂಚಿಕೆ ಮಾಡಿದರೆ ಹಂಚಿಕೆ ಮಾಡಿದಂತೆ ಆಗುತ್ತದೆಯೇ ಎಂಬುದು ವಿವಾದ” ಅಂತ ಬರುತ್ತದೆ. ಓದುವ ಹುಡುಗರು ಏನಂತ ತಿಳಿಯಬೇಕು?

ನಮ್ಮ ದೇಶದ ಕಾಯ್ದೆಯ ದಾರಿ ಬೇರೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ, ಈಗಿನ ತಿದ್ದುಪಡಿಗಳ ಪ್ರಕಾರ, ಕೃತಿಯನ್ನು ಸಾರ್ವಜನಿಕರಿಗೆ ನೋಡಲು, ಕೇಳಲು ಸಿಗುವಂತೆ ಮಾಡುವುದೇ ಒಂದು ಬೇರೆ ಹಕ್ಕು. ಯಾರಾದರೂ ನಿಜವಾಗಿ ನೋಡಿದರೋ, ಕೇಳಿದರೋ ಅನ್ನುವುದು ಲೆಕ್ಕಕ್ಕಿಲ್ಲ. ಅಂದರೆ ಅಲ್ಲಿ ಜಗಳಕ್ಕೆ ಕಾರಣವಾದದ್ದು ಇಲ್ಲಿ ಕಾಯ್ದೆಯ ಅಕ್ಷರದಲ್ಲೇ ಇದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಕಮ್ಯುನಿಕೇಷನ್ ಟು ದ ಪಬ್ಲಿಕ್’ ಅಂತಾರೆ. ಅದನ್ನು ‘ಸಾರ್ವಜನಿಕರೊಂದಿಗೆ ಸಂವಹನ’ ಅಂತ ಬರೆದರೆ ಮೈಕ್ ಹಿಡಿದು ಮಾತಾಡಿದ ಹಾಗೆ ಕೇಳಿಸುತ್ತದೆ. ‘ಸಿಗುವಂತೆ ಮಾಡುವುದು’ ಅನ್ನುವ ಮುಖ್ಯ ಅಂಶವೇ ಬಿಟ್ಟುಹೋಗುತ್ತದೆ.

ಈಗ ಪದಗಳಿಗೆ ಬರೋಣ.

‘ಹಂಚಿಕೆ’ ಅಂದ ತಕ್ಷಣ ನನಗೆ ನೆನಪಾಗುವುದು ಪೇಪರಿನ ತಲೆಬರಹ: ನಿವೇಶನ ಹಂಚಿಕೆ, ನೀರು ಹಂಚಿಕೆ, ಸೀಟು ಹಂಚಿಕೆ. ಎಲ್ಲ ಕಡೆಯೂ ಇರುವುದು ಇಷ್ಟೇ, ಅದರಲ್ಲಿ ಯಾರಿಗೆಷ್ಟು ಅನ್ನುವ ಲೆಕ್ಕ. ಒಬ್ಬರಿಗೆ ಜಾಸ್ತಿ ಕೊಟ್ಟರೆ ಇನ್ನೊಬ್ಬರಿಗೆ ಕಮ್ಮಿ. ಉತ್ತರ ಕರ್ನಾಟಕದ ಕಡೆ ಹಂಚಿಕೆ ಅಂದರೆ ಉಪಾಯ, ಯೋಜನೆ ಅನ್ನುವ ಅರ್ಥವೂ ಇದೆ. ಫೈಲು ಕೊಟ್ಟರೆ ಕೊಟ್ಟವರ ಹತ್ತಿರ ಏನೂ ಕಮ್ಮಿಯಾಗುವುದಿಲ್ಲ. ಕೃತಿಸ್ವಾಮ್ಯದ ಜಗಳ ಹುಟ್ಟುವುದೇ ಅದರಿಂದ ಅಲ್ವಾ?

‘ಹಂಚು’ ಸ್ವಲ್ಪ ಬೇರೆ. ಮದುವೆ ಪತ್ರಿಕೆ ಹಂಚಿದರು, ಕರಪತ್ರ ಹಂಚಿದರು, ಸಿಹಿ ಹಂಚಿದರು. ಕೊಡುವವರು ಒಬ್ಬರು, ತೆಗೆದುಕೊಳ್ಳುವವರು ಹಲವರು, ವಸ್ತು ಕೈಗೆ ಸೇರಿದೆ. ‘ಡಿಸ್ಟ್ರಿಬ್ಯೂಟ್’ಗೆ ಇದು ಸರಿಯಾಗಿ ಕೂರುತ್ತದೆ. ‘ವಿತರಿಸು’ ಅಂತಲೂ ಬರೆಯಬಹುದು, ಆದರೆ ‘ಹಂಚು’ ಇರುವಾಗ ಅದು ಯಾಕೆ ಬೇಕು?

‘ಹಂಚಿಕೊಳ್ಳು’ ಅಂದರೆ ಇಬ್ಬರೂ ಪಾಲುದಾರರು. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡರು ಅಂದರೆ ಆಸ್ತಿ ತುಂಡಾಯಿತು. ಗೆಳತಿಯರು ಕಷ್ಟಸುಖ ಹಂಚಿಕೊಂಡರು ಅಂದರೆ ಏನೂ ತುಂಡಾಗಲಿಲ್ಲ, ಇಬ್ಬರಿಗೂ ಪೂರ್ತಿ ದಕ್ಕಿತು. ಫೈಲು ಈ ಎರಡನೇ ಜಾತಿಯದು. ಮೊಬೈಲಿನ ಕನ್ನಡ ಬಟನ್ನುಗಳಲ್ಲಿ ‘ಹಂಚಿಕೊಳ್ಳಿ’ ಬಂದು ಬಹಳ ದಿನವಾಯಿತು, ಜನರಿಗೆ ಒಗ್ಗಿದೆ. ಬಿಟ್‌ಟೊರೆಂಟ್ ಅನ್ನುವ ಫೈಲ್ ಶೇರಿಂಗ್ ವಿಧಾನಕ್ಕಂತೂ ಇದು ಹೇಳಿ ಮಾಡಿಸಿದ ಪದ. (ಬ್ರಾಮ್ ಕೊಹೆನ್ 2001ರಲ್ಲಿ ಹೊರತಂದ ಅದನ್ನೂ ಮೊದಲು ಬರೆದದ್ದು ಪೈಥಾನಿನಲ್ಲೇ.) ಅಲ್ಲಿ ಫೈಲು ಚೂರುಚೂರಾಗಿ ಬರುತ್ತದೆ. ಬಂದ ಚೂರನ್ನು ನಿಮ್ಮ ಕಂಪ್ಯೂಟರ್ ಆಗಿಂದಾಗಲೇ ಬೇರೆಯವರಿಗೆ ಕೊಡುತ್ತಿರುತ್ತದೆ. “ನಾನು ಸುಮ್ನೆ ಇಳಿಸಿಕೊಂಡೆ, ಯಾರಿಗೂ ಕೊಟ್ಟಿಲ್ಲ” ಅಂತ ಹುಡುಗರು ಹೇಳುತ್ತಾರೆ. ಕೊಟ್ಟಿರುತ್ತಾರೆ, ಅವರಿಗೆ ಗೊತ್ತಿರುವುದಿಲ್ಲ. ‘ಡೌನ್‌ಲೋಡ್’ ಅಂತ ಬರೆಯದೆ ‘ಹಂಚಿಕೊಳ್ಳುವುದು’ ಅಂತ ಬರೆದರೆ ಕೊಡುವುದೂ ಇದೆ ಅನ್ನುವುದು ಪದದಲ್ಲೇ ತಿಳಿಯುತ್ತದೆ.

ಉಳಿದದ್ದು ನಡುವಿನದು. ಫೋಲ್ಡರ್ ತೆರೆದಿದೆ, ಯಾರೂ ಇನ್ನೂ ತೆಗೆದುಕೊಂಡಿಲ್ಲ. ಇದಕ್ಕೆ ‘ತೆರೆದಿಡು’ ಅಂತ ಯೋಚಿಸಿದ್ದೆ. ಅದರಲ್ಲಿ ಮನಸ್ಸು ತೆರೆದಿಟ್ಟರು, ಸತ್ಯ ತೆರೆದಿಟ್ಟರು ಅನ್ನುವ ಹೊಳಹು ಜಾಸ್ತಿ. ‘ಲಭ್ಯಗೊಳಿಸು’ ಅನ್ನುವುದು ಕಚೇರಿ ಸುತ್ತೋಲೆಯ ಭಾಷೆ. ಆದರೆ ಕನ್ನಡದಲ್ಲಿ ಈ ಅಂತರವನ್ನು ನಾವು ದಿನಾ ಹೇಳುತ್ತಲೇ ಇದ್ದೇವೆ. ‘ಮಾರಾಟಕ್ಕಿಟ್ಟ ಮನೆ’ ಬೇರೆ, ‘ಮಾರಿದ ಮನೆ’ ಬೇರೆ. ಹರಾಜಿಗಿಟ್ಟರು, ಪ್ರದರ್ಶನಕ್ಕಿಟ್ಟರು ಅಂತೇವೆ. ಕೆಲಸ ಇನ್ನೂ ಆಗಿಲ್ಲ, ಆಗಲಿ ಅಂತ ಇಟ್ಟಿದ್ದಾರೆ. ಅದೇ ಅಚ್ಚಿನಲ್ಲಿ ‘ಹಂಚಿಕೆಗಿಡು’ ಅಂತ ಮಾಡಿಕೊಂಡರೆ? ಶೇರ್ಡ್ ಫೋಲ್ಡರ್ ಅಂದರೆ ‘ಹಂಚಿಕೆಗಿಟ್ಟ ಫೋಲ್ಡರ್’. ಇಲ್ಲಿ ‘ಹಂಚಿಕೆ’ಗೆ ನಿವೇಶನದ ವಾಸನೆಯೂ ಬರುವುದಿಲ್ಲ, ‘ಇಡು’ ಅದನ್ನು ತಡೆಯುತ್ತದೆ. ಮಿನ್ನೆಸೋಟಾದ ಮೊಕದ್ದಮೆಯನ್ನು ಆಗ ಹೀಗೆ ಬರೆಯಬಹುದು: “ಹಂಚಿಕೆಗಿಟ್ಟರೆ ಹಂಚಿದಂತೆ ಆಯಿತೇ?” ಎರಡು ಪದದಲ್ಲಿ ಇಡೀ ವ್ಯಾಜ್ಯ ಸ್ಪಷ್ಟವಾಗುತ್ತದೆ. ನನ್ನ ಒಲವು ಪೂರ್ತಿ ಇದರ ಕಡೆಗೇ ಇದೆ.

ಇದೇ ಪಾಠದ ಇನ್ನೆರಡು ಪದ. ‘ಕಾಪಿ’ಗೆ ‘ನಕಲು’ ಬೇಡ ಅಂತ ನನ್ನ ಅಭಿಪ್ರಾಯ. ತಾಲೂಕು ಕಚೇರಿಯಲ್ಲಿ ‘ನಕಲು’ ಅಂದರೆ ಮರ್ಯಾದಸ್ಥ ಪದ, ದೃಢೀಕರಿಸಿದ ಪ್ರತಿ. ಪರೀಕ್ಷೆಯ ಕೋಣೆಯಲ್ಲಿ ಅದೇ ಪದ ಕಳ್ಳತನ. ಕಾಸು ಕೊಟ್ಟು ತಂದ ಸಾಫ್ಟ್‌ವೇರ್ ಹಾಳಾದೀತು ಅಂತ ಇನ್ನೊಂದು ಕಾಪಿ ಮಾಡಿಟ್ಟುಕೊಳ್ಳಲು ನಮ್ಮ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಅವಕಾಶ ಇದೆ. ಅದನ್ನು ‘ನಕಲು ಮಾಡಬಹುದು’ ಅಂತ ಬರೆದರೆ ಓದುವವರಿಗೆ ಹೇಗೋ ಅನ್ನಿಸುತ್ತದೆ. ‘ಪ್ರತಿ’ ಸಾಕು. ಹಾಗೆಯೇ ‘ಪೈರಸಿ’ಗೆ ಕೆಲವರು ‘ಕೃತಿಚೌರ್ಯ’ ಅಂತ ಬರೆಯುತ್ತಿದ್ದಾರೆ. ಕೃತಿಚೌರ್ಯ ಅಂದರೆ ಇನ್ನೊಬ್ಬರು ಬರೆದದ್ದನ್ನು ತನ್ನದು ಅಂತ ಹೇಳಿಕೊಳ್ಳುವುದು. ಸಿನಿಮಾ ಇಳಿಸಿಕೊಳ್ಳುವ ಹುಡುಗ ಅದನ್ನು ತಾನೇ ತೆಗೆದೆ ಅಂತ ಹೇಳುತ್ತಿಲ್ಲ. ಎರಡೂ ತಪ್ಪೇ ಇರಬಹುದು, ಆದರೆ ಬೇರೆಬೇರೆ ತಪ್ಪು. ಪೈರಸಿಯನ್ನು ಪೈರಸಿ ಅಂತಲೇ ಬಿಡೋಣ.

ಗ್ರಾಕ್‌ಸ್ಟರ್ ತೀರ್ಪು 2005ರ ಜೂನ್ 27ರಂದು ಬಂತು. ಸಾಫ್ಟ್‌ವೇರ್ ಮಾಡಿದ್ದೇ ತಪ್ಪು ಅಂತ ಕೋರ್ಟು ಹೇಳಲಿಲ್ಲ. ಕೃತಿಸ್ವಾಮ್ಯ ಮುರಿಯಿರಿ ಅಂತ ಜನರನ್ನು ಹುರಿದುಂಬಿಸಿ ಕೊಟ್ಟರೆ ಹೊಣೆ ನಿಮ್ಮದು ಅಂತ ಹೇಳಿತು. ಆ ‘ಇಂಡ್ಯೂಸ್‌ಮೆಂಟ್’ಗೆ ನಾನು ‘ಕುಮ್ಮಕ್ಕು’ ಅಂತ ಬರೆದಿದ್ದೇನೆ. ಪ್ರೇರಣೆ ಅಂದರೆ ಒಳ್ಳೆಯದಕ್ಕೂ ಆಗುತ್ತದೆ. ಕುಮ್ಮಕ್ಕು ಯಾವಾಗಲೂ ಕೆಟ್ಟದ್ದಕ್ಕೇ.

ನನಗೆ ಮುಖ್ಯವಾಗಿ ಬೇಕಾದ ಉತ್ತರ ‘ಹಂಚಿಕೆಗಿಡು’ ಬಗ್ಗೆ. ಬಾಯಲ್ಲಿ ಹೇಳಿದಾಗ ನಿಮಗೆ ಸಹಜ ಅನ್ನಿಸುತ್ತದೆಯೇ? ಇದರ ನಾಮಪದ ಬೇಕಾದಾಗ ‘ಹಂಚಿಕೆಗಿಡುವಿಕೆ’ ತೀರಾ ಉದ್ದವಾಗುತ್ತದೆ, ‘ಹಂಚಿಕೆಗಿಡುವುದು’ ಅಂತಲೇ ಇಟ್ಟುಕೊಂಡಿದ್ದೇನೆ. ಮಂಗಳೂರು, ಧಾರವಾಡ, ಕಲಬುರಗಿ ಕಡೆಯ ಮಾತಿನಲ್ಲಿ ‘ಬೇಕಾದವರು ತೆಗೆದುಕೊಳ್ಳಲಿ ಅಂತ ಇಡುವುದು’ ಅನ್ನುವುದಕ್ಕೆ ಒಂದೇ ಪದ ಇದ್ದರೆ ಖಂಡಿತ ಬರೆಯಿರಿ. ಕಾನೂನು ಅನುವಾದ ಮಾಡುವವರು ಯಾರಾದರೂ ಇದ್ದರೆ, ಕೋರ್ಟಿನ ಕನ್ನಡದಲ್ಲಿ ‘ಸಿಗುವಂತೆ ಮಾಡುವುದು’ ಅನ್ನುವುದನ್ನು ನೀವು ಹೇಗೆ ಬರೆಯುತ್ತೀರಿ ಅಂತಲೂ ತಿಳಿಸಿ.