ಅಪ್ಪನ ಸ್ಮರಣೆ ಕೂಟದಲ್ಲಿ ಐದು ನಿಮಿಷ ಮಾತಾಡಬೇಕು. ಅವರ ಸಿಟ್ಟಿನ ವಿಷಯ ಹೇಳಬಹುದಾ?

ಕಿರಿಮಗಳು:

ಅಪ್ಪ ದೇವರ ಬಳಿ ಹೋಗಿ ಮೂರು ವಾರ ಆಯ್ತು. 79 ವರ್ಷ. ನಮ್ಮ ಆಯುಷ್ಕಾಲ 70, ಬಲ ಇದ್ದರೆ 80 ಅಂತ ಬೈಬಲ್ಲಿನ ಕೀರ್ತನೆ 90ರಲ್ಲಿ ಇದೆಯಲ್ಲ, 70 ದಾಟಿದ ಮೇಲೆ ಪ್ರತಿ ಹುಟ್ಟುಹಬ್ಬಕ್ಕೂ "ಇದು ಬೋನಸ್" ಅನ್ನುತ್ತಿದ್ದರು.

ಬರುವ ಭಾನುವಾರ ಸ್ಮರಣೆ ಕೂಟ. ಮನೆಯವರ ಪರವಾಗಿ ನಾನು ಮಾತಾಡಬೇಕು. ನಾಲ್ಕು ಸಲ ಬರೆದೆ, ನಾಲ್ಕೂ ಸಲ ಹರಿದು ಹಾಕಿದೆ. "ಪ್ರಾರ್ಥನಾಶೀಲ ವ್ಯಕ್ತಿ, ಪ್ರೀತಿಯ ಪತಿ, ಆದರ್ಶ ತಂದೆ" ಅಂತ ಬರೆದರೆ ಅದು ಯಾರ ಅಪ್ಪನಿಗೂ ಹೊಂದುತ್ತೆ ಅಲ್ವಾ?

ನಮ್ಮಪ್ಪ ಹೇಗಿದ್ದರು ಅಂದ್ರೆ, ದಿನಾ ಬೆಳಗ್ಗೆ ಬೈಬಲ್ಲಿನ ಜ್ಞಾನೋಕ್ತಿ ಪುಸ್ತಕದ ಒಂದು ಅಧ್ಯಾಯ ಓದುತ್ತಿದ್ದರು. ತಾರೀಕು ಎಷ್ಟೋ ಅಷ್ಟನೇ ಅಧ್ಯಾಯ. ಒಟ್ಟು 31 ಅಧ್ಯಾಯ, ಲೆಕ್ಕ ಸರಿಯಾಗಿತ್ತು. ತೊಂದರೆ 30 ದಿನದ ತಿಂಗಳಲ್ಲಿ. 31ನೇ ಅಧ್ಯಾಯದಲ್ಲೇ ಗುಣವತಿಯಾದ ಹೆಂಡತಿಯ ಹೊಗಳಿಕೆ ಇರೋದು. ಅದನ್ನು ಬಿಟ್ಟರೆ ಅಮ್ಮನಿಗೆ ಅನ್ಯಾಯ ಅಂತ 30ನೇ ತಾರೀಕು ಎರಡೂ ಓದುತ್ತಿದ್ದರು. ಫೆಬ್ರವರಿ 28ಕ್ಕೆ ನಾಲ್ಕು ಅಧ್ಯಾಯ! ಅವತ್ತು ನಾನೂ ಅಣ್ಣನೂ ಹೊಟ್ಟೆನೋವು ಅಂತ ಮಲಗಿಬಿಡುತ್ತಿದ್ದೆವು. ಆ ಹೆಂಡತಿ ಇನ್ನೂ ಕತ್ತಲಿರುವಾಗಲೇ ಏಳುತ್ತಾಳೆ ಅಂತ 15ನೇ ವಾಕ್ಯದಲ್ಲಿ ಬರುತ್ತೆ. ಅಲ್ಲಿಗೆ ಬಂದಾಗ ಅಪ್ಪ ಓದೋದು ನಿಲ್ಲಿಸಿ, ಕನ್ನಡಕದ ಮೇಲಿಂದ ಅಮ್ಮನ ಕಡೆ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಮೊದಲು ಏಳುತ್ತಿದ್ದದ್ದು ಅಪ್ಪ. "ಸಾಕು, ಮುಂದೆ ಓದಿ" ಅಂತ ಅಮ್ಮ. 52 ವರ್ಷ ಇದೇ ತಮಾಷೆ ನಡೆಯಿತು.

ಇಷ್ಟು ಹೇಳೋದು ಸುಲಭ. ಆದರೆ ಅಪ್ಪನಿಗೆ ಸಿಟ್ಟೂ ಜಾಸ್ತಿ. ಒಮ್ಮೆ ಪರೀಕ್ಷೆ ಹೊತ್ತಲ್ಲಿ ನಾನು ಚಿತ್ರ ಬರೀತಾ ಕೂತಿದ್ದೆ ಅಂತ ನನ್ನ ಡ್ರಾಯಿಂಗ್ ಪುಸ್ತಕವನ್ನು ನನ್ನ ಕಣ್ಣೆದುರೇ ಹರಿದು ಹಾಕಿದ್ದರು. ಎರಡು ವರ್ಷದ ಚಿತ್ರಗಳು. ತಪ್ಪಾಯ್ತು ಅಂತ ಬಾಯಿಬಿಟ್ಟು ಯಾವತ್ತೂ ಹೇಳಲಿಲ್ಲ. ಆಮೇಲೆ ನಾನು ಚಿತ್ರ ಬರೆಯೋದನ್ನೇ ಬಿಟ್ಟೆ. ಇದನ್ನು ನುಂಗಿಕೊಂಡು ಐದು ನಿಮಿಷ ಹೊಗಳಿದರೆ ಸುಳ್ಳು ಹೇಳಿದ ಹಾಗೆ ಅನ್ನಿಸುತ್ತೆ. ಹೇಳಿದರೆ ಸತ್ತವರ ಮೇಲೆ ದೂರು ಹೇಳಿದ ಹಾಗೆ. ಏನು ಮಾಡಲಿ?

ಇನ್ನೊಂದು ವಿಷಯ. ಅವರ ಸತ್ಯವೇದದಲ್ಲಿ, ಅಂದ್ರೆ ಬೈಬಲ್ಲಿನಲ್ಲಿ, ಎಲ್ಲ ಕಡೆ ನೀಲಿ ಪೆನ್ನಿನ ಗೆರೆ. ಎಫೆಸದವರಿಗೆ ಬರೆದ ಪತ್ರ 6:4ರ ಪಕ್ಕ ಮಾತ್ರ ದಪ್ಪ ಕಪ್ಪು ಪೆನ್ಸಿಲ್ಲಿನಲ್ಲಿ "ಸು. 14-3-96" ಅಂತಿದೆ. ನನ್ನ ಹೆಸರೂ ಅಣ್ಣನ ಹೆಸರೂ ಸು ಅಕ್ಷರದಿಂದಲೇ ಶುರು. ಯಾರ ಬಗ್ಗೆ, ಯಾಕೆ ಅಂತ ಗೊತ್ತಾಗಲಿಲ್ಲ.

ನಿವೃತ್ತ ಪಾಸ್ಟರ್:

ತಂಗಿ, ದುಃಖದಲ್ಲಿ ನಿಮ್ಮ ಜೊತೆ ಇದ್ದೇವೆ. ಎಷ್ಟೋ ಸ್ಮರಣೆ ಕೂಟ ನಡೆಸಿದ್ದೇನೆ, ಅದಕ್ಕೇ ಎರಡು ಮಾತು.

ಪ್ರಸಂಗ ಮಾಡೋದು ಪಾಸ್ಟರ್ ಕೆಲಸ. ಪುನರುತ್ಥಾನ, ನಿರೀಕ್ಷೆ ಎಲ್ಲ ಅವರು ಹೇಳುತ್ತಾರೆ, ಅದನ್ನು ಅವರಿಗೇ ಬಿಡಿ. ಜನ ನಿಮ್ಮಿಂದ ಕೇಳಬೇಕು ಅಂತ ಕೂತಿರೋದು ಆ ಕನ್ನಡಕದ ಮೇಲಿನ ನೋಟವನ್ನು.

ಸಿಟ್ಟಿನ ವಿಷಯ. ಸತ್ಯವೇದ ಯಾರ ತಪ್ಪನ್ನೂ ಮುಚ್ಚಿಟ್ಟಿಲ್ಲ. ಶಿಷ್ಯನಾದ ಪೇತ್ರನೇ ಯೇಸುವನ್ನು ಗೊತ್ತೇ ಇಲ್ಲ ಅಂದಿದ್ದು ನಾಲ್ಕೂ ಸುವಾರ್ತೆಯಲ್ಲಿದೆ. ದಾವೀದನ 51ನೇ ಕೀರ್ತನೆಗಂತೂ ಅವನ ಪಾಪವೇ ತಲೆಬರಹ. ಹಾಗಂತ ಹೇಳಲೇಬೇಕು ಅಂತಲ್ಲ. ಹೇಳಿದರೆ ಕಥೆಯ ಹಾಗೆ ಹೇಳಿ, ತೀರ್ಪು ಕೊಡೋಕೆ ಹೋಗಬೇಡಿ.

ನಡುವೆ ಅಳು ಬಂದರೆ ಅಳಿ. ಲಾಜರನ ಸಮಾಧಿ ಹತ್ತಿರ ಯೇಸುವೇ ಕಣ್ಣೀರು ಹಾಕಿದ, ಯೋಹಾನ 11:35. ಬರೆದಿಟ್ಟ ಹಾಳೆಯ ಇನ್ನೊಂದು ಪ್ರತಿ ನಿಮ್ಮ ಅಣ್ಣನ ಕೈಯಲ್ಲಿರಲಿ. ನಿಮಗೆ ಆಗದಿದ್ದರೆ ಅವರು ಮುಂದುವರಿಸಲಿ.

ಹಳೇ ಛತ್ರಿ:

ನಾನು ಒಪ್ಪಲ್ಲ. ಕ್ಷಮಿಸಿ, ನೇರ ಹೇಳ್ತೀನಿ. ಮುಂದಿನ ಸಾಲಲ್ಲಿ ನಿಮ್ಮ ತಾಯಿ ಕೂತಿರ್ತಾರೆ. ಅವರು ಕಳ್ಕೊಂಡಿರೋದು ಗಂಡನನ್ನ. ಪುಸ್ತಕ ಹರಿದಿದ್ದು ನಿಮ್ಮ ನೋವು, ನಿಜ. ಅದನ್ನ ಮೈಕ್ ಮುಂದೆ ಇಟ್ರೆ ಕೂಟ ಮುಗಿದ ಮೇಲೆ ಜನ ನೆನಪಿಟ್ಕೊಳ್ಳೋದು ಅದೊಂದನ್ನೇ. ನಮ್ಮ ಮಾವನವರ ಕೂಟದಲ್ಲಿ ಹೀಗೇ ಆಯ್ತು, ಅತ್ತೆ ಒಂದು ವರ್ಷ ಆ ಮಗನ ಜೊತೆ ಮಾತಾಡಲಿಲ್ಲ.

ಹೇಳಲೇಬೇಕು ಅನ್ನಿಸಿದ್ರೆ ಮೊದಲು ತಾಯಿಯನ್ನ ಕೇಳಿ. ಅವರು ಬೇಡ ಅಂದ್ರೆ ಬೇಡ, ಅಷ್ಟೇ.

ಮೂರನೇ ಬೆಂಚು:

ಮೊಮ್ಮಕ್ಕಳ ಬಗ್ಗೆ ಏನೂ ಬರೆದಿಲ್ಲವಲ್ಲ ಮೇಡಂ? ತಾತ ಆಗಿ ಹೇಗಿದ್ದರು? ನಮ್ಮಪ್ಪ ನನ್ನ ಜೊತೆ ನಕ್ಕಿದ್ದಕ್ಕಿಂತ ನನ್ನ ಮಗಳ ಜೊತೆ ನಕ್ಕಿದ್ದೇ ಹೆಚ್ಚು.

ಆಮೇಲೆ ಎಫೆಸ 6:4 ತೆಗೆದು ನೋಡಿದೆ. ತಂದೆಗಳು ಮಕ್ಕಳಿಗೆ ಸಿಟ್ಟೆಬ್ಬಿಸಬಾರದು ಅನ್ನೋ ವಾಕ್ಯ. ಮಾರ್ಚ್ ತಿಂಗಳು ಅಂದ್ರೆ ಪರೀಕ್ಷೆ ಸಮಯ ಅಲ್ವಾ? ನಿಮ್ಮ ತಾಯಿಗೆ ಆ ಪುಟ ತೋರಿಸಿದ್ರಾ?

ಕಿರಿಮಗಳು:

ಎಲ್ಲರಿಗೂ ಥ್ಯಾಂಕ್ಸ್. ಛತ್ರಿಯವರೇ, ಬೇಜಾರಿಲ್ಲ, ನೀವು ಹೇಳಿದ್ದೂ ಸರಿ.

ತಾತ ಆಗಿ ಅಪ್ಪ ಬೇರೆಯೇ ಮನುಷ್ಯ. ನಾಲ್ಕು ಮೊಮ್ಮಕ್ಕಳಿಗೂ 119ನೇ ಕೀರ್ತನೆಯನ್ನು ಹಂಚಿಕೊಟ್ಟಿದ್ದರು. ಅದರಲ್ಲಿ 176 ವಾಕ್ಯ. ಇಬ್ರಿಯ ಭಾಷೆಯ 22 ಅಕ್ಷರ, ಒಂದೊಂದಕ್ಕೆ ಎಂಟು ವಾಕ್ಯ, ಎಂಟೂ ಅದೇ ಅಕ್ಷರದಿಂದ ಶುರು. "ಕನ್ನಡದಲ್ಲಿ ಬರೆದಿದ್ದರೆ 49 ಅಕ್ಷರಕ್ಕೆ 392 ಆಗ್ತಿತ್ತು, ಬಚಾವಾದ್ರಿ" ಅಂತ ಮಕ್ಕಳನ್ನು ನಗಿಸುತ್ತಿದ್ದರು. ನಾವು ಚಿಕ್ಕವರಿದ್ದಾಗ ಒಂದು ವಾಕ್ಯ ತಪ್ಪಿದರೆ ಹುಬ್ಬು ಗಂಟಾಗುತ್ತಿತ್ತು. ಇವರು ತಪ್ಪಿದರೆ ತಾವೇ ಪಿಸುಗುಟ್ಟಿ ಹೇಳಿಕೊಡುತ್ತಿದ್ದರು.

ನನ್ನ ಮಗ ಒಂದು ರಾತ್ರಿ ತಾತನ ಊಟದ ಪ್ರಾರ್ಥನೆಗೆ ಸ್ಟಾಪ್‌ವಾಚ್ ಹಾಕಿದ್ದ. 11 ನಿಮಿಷ. ಆಮೆನ್ ಆದ ತಕ್ಷಣ ಎಲ್ಲರ ಮುಂದೆ ಹೇಳಿಯೂ ಬಿಟ್ಟ. ನನಗೆ ಎದೆ ಧಸಕ್ ಅಂತು. ಅಪ್ಪ ತಟ್ಟೆ ಮುಟ್ಟಿ ನೋಡಿ, "ತಣ್ಣಗಾಗಿದೆ, ನಿಜ" ಅಂದರು. ಮಾರನೇ ದಿನದಿಂದ ವಾಚ್ ಬಿಚ್ಚಿ ಎದುರಿಗಿಟ್ಟುಕೊಂಡೇ ಪ್ರಾರ್ಥನೆ. ಒಂಬತ್ತಕ್ಕೆ ಇಳಿಯಿತು, ಅದಕ್ಕಿಂತ ಕೆಳಗೆ ಬರಲಿಲ್ಲ.

ನಿನ್ನೆ ಅಮ್ಮನಿಗೆ ಆ ಪುಟ ತೋರಿಸಿದೆ. ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ. "ನಿನ್ನ ಪುಸ್ತಕ ಹರಿದ ದಿನ ಅಲ್ವಾ ಅದು. ಪೆನ್ಸಿಲ್ಲೂ ನಿನ್ನದೇ" ಅಂದಳು.

ನನ್ನ 6ಬಿ ಪೆನ್ಸಿಲ್. ಶೇಡ್ ಮಾಡೋಕೆ ಬಳಸುವ ಮೆತ್ತಗಿನದು, ಅದಕ್ಕೇ ಅಷ್ಟು ದಪ್ಪ ಕಪ್ಪು. ಹರಿದ ಹಾಳೆಗಳನ್ನು ಗುಡಿಸಿದ್ದು ಅಪ್ಪನೇ ಅಂತೆ, ಆಗ ಸಿಕ್ಕಿದ್ದಂತೆ. ಎದುರು ಪುಟದಲ್ಲೂ ಅದರ ಮಸಿ ಒತ್ತಿಕೊಂಡಿದೆ, ಅಕ್ಷರ ತಿರುಗಾ ಮುರುಗಾ. ಅದನ್ನು ನಾನು ಮೊದಲು ಗಮನಿಸಿಯೇ ಇರಲಿಲ್ಲ. ಬೆರಳಲ್ಲಿ ಮುಟ್ಟಿದರೆ ಇವತ್ತಿಗೂ ಸ್ವಲ್ಪ ಅಂಟುತ್ತೆ.

ನನಗೆ ಯಾಕೆ ಹೇಳಲಿಲ್ಲ ಅಂತ ಅಮ್ಮನನ್ನು ಕೇಳಿದೆ. "ಅವರೇ ಹೇಳ್ತಾರೆ ಅಂದ್ಕೊಂಡಿದ್ದೆ" ಅಂದಳು. ಸ್ವಲ್ಪ ಸಿಟ್ಟು ಬಂತು, ಇಬ್ಬರ ಮೇಲೂ. ಅದು ಇನ್ನೂ ಪೂರ್ತಿ ಇಳಿದಿಲ್ಲ.

ಕೂಟದಲ್ಲಿ ಹೇಳಲಾ ಅಂದೆ. "ಹರಿದಿದ್ದು ಹೇಳು. ಪೆನ್ಸಿಲ್ ವಿಷಯವನ್ನೂ ಬಿಡಬೇಡ" ಅಂದಳು.

ಹಳೇ ಛತ್ರಿ:

ಹಾಗಾದ್ರೆ ಹೇಳಿ ಅಕ್ಕ. ನಾನು ಸುಮ್ನೆ ಬಾಯಿ ಹಾಕಿದೆ.

ನಿವೃತ್ತ ಪಾಸ್ಟರ್:

ಆ ಸತ್ಯವೇದವನ್ನು ಕೂಟಕ್ಕೆ ತನ್ನಿ. ಅದೇ ಪುಟದಿಂದ ಓದಿ.

ಕಿರಿಮಗಳು:

ಕೂಟ ನಿನ್ನೆ ಮುಗಿಯಿತು. ಪಾಸ್ಟರ್ ಹೇಳಿದ ಹಾಗೆ ಪುಸ್ತಕ ಒಯ್ದಿದ್ದೆ. ಜ್ಞಾನೋಕ್ತಿಯ ವಿಷಯ ಬಂದಾಗ ಜನ ನಕ್ಕರು, ಅಮ್ಮನೂ ನಕ್ಕಳು. ಪೆನ್ಸಿಲ್ ಹತ್ತಿರ ಬಂದಾಗ ನನಗೆ ಗಂಟಲು ಕಟ್ಟಿತು. ಅಣ್ಣ ಎದ್ದು ಬಂದು ಹಾಳೆ ತೆಗೆದುಕೊಂಡ, ಅವನಿಗೂ ಆಗಲಿಲ್ಲ. ಕೊನೆಗೆ ಮೊಮ್ಮಕ್ಕಳೇ ನಾಲ್ವರೂ ನಿಂತು 119ನೇ ಕೀರ್ತನೆಯ ಮೊದಲ ಎಂಟು ವಾಕ್ಯ ಹೇಳಿ ಮುಗಿಸಿದರು. ಚಿಕ್ಕವಳು ಆರನೇ ವಾಕ್ಯದಲ್ಲಿ ತಪ್ಪಿದಳು, ದೊಡ್ಡವನು ಪಿಸುಗುಟ್ಟಿದ.

ಕೆಳಗಿಳಿದು ಬಂದಾಗ ನನ್ನ ಮಗ ಸ್ಟಾಪ್‌ವಾಚ್ ತೋರಿಸಿದ. "ಎಂಟು ನಿಮಿಷ ಆಯ್ತಮ್ಮ. ತಾತನಿಗಿಂತ ಒಂದು ಕಮ್ಮಿ."